ಹಳೆಯ ಕಾರಿನ ಎರಡನೆಯ ಕಂತು

ಹಳೆಯ ಕಾರನ್ನು ಕೊಳ್ಳುವವರು ಅದರ ಬೆಲೆಯನ್ನು ಎರಡು ಕಂತುಗಳಲ್ಲಿ ಕೊಡುತ್ತಾರೆ. ಮೊದಲನೆಯದು ಮಾರುವವರ ಕೈಗೆ ಹೋಗುತ್ತದೆ. ಅದರ ಮೊತ್ತ ಎಲ್ಲರಿಗೂ ಗೊತ್ತು, ಅದಕ್ಕಾಗಿ ಗಂಟೆಗಟ್ಟಲೆ ಚೌಕಾಸಿಯೂ ನಡೆದಿರುತ್ತದೆ. ಎರಡನೆಯದು ಮುಂದಿನ ಒಂದೆರಡು ವರ್ಷಗಳಲ್ಲಿ ಗ್ಯಾರೇಜಿಗೆ ಹೋಗುತ್ತದೆ. ಆದರೆ ಅದರ ಮೊತ್ತ ಎಷ್ಟಾದೀತೆಂದು ಕೊಳ್ಳುವ ದಿನ ಹೆಚ್ಚಿನವರು ಕೇಳಿಕೊಂಡೇ ಇರುವುದಿಲ್ಲ. ಬಹುಕಾಲ ಬೇರೆಯವರ ಪರವಾಗಿ ಹಳೆಯ ಕಾರುಗಳನ್ನು ನೋಡಿ ಅಭಿಪ್ರಾಯ ಹೇಳುವ ಕೆಲಸ ಮಾಡಿದವನಾಗಿ ನಾನು ಕಂಡುಕೊಂಡದ್ದು ಇಷ್ಟೇ: ಕಾರು ಹತ್ತು ವರ್ಷ ದಾಟಿದ ಮೇಲೆ ಅದರ ಮೌಲ್ಯವನ್ನು ನಿರ್ಧರಿಸುವುದು ಈ ಎರಡನೆಯ ಕಂತು. ಇದನ್ನು ಕೊಳ್ಳುವ ಮೊದಲೇ ಎಣಿಸುವುದು ಹೇಗೆ ಎಂಬುದೇ ಇಂದಿನ ಮಾತು.

ಹೊಸ ಕಾರು ತನ್ನ ಬೆಲೆಯ ದೊಡ್ಡ ಪಾಲನ್ನು ಮೊದಲ ಕೆಲವೇ ವರ್ಷಗಳಲ್ಲಿ ಕಳೆದುಕೊಳ್ಳುತ್ತದೆ, ಆಮೇಲೆ ಇಳಿತ ನಿಧಾನವಾಗುತ್ತದೆ. ಮೂರು ವರ್ಷದ ಕಾರಿಗೆ ಮಾದರಿ, ವರ್ಷ, ಓಡಿದ ದೂರ ಇಷ್ಟನ್ನು ಹೇಳಿದರೆ ಸಾಕು, ಬೆಲೆಯನ್ನು ಸುಮಾರಾಗಿ ಹೇಳಿಬಿಡಬಹುದು, ಏಕೆಂದರೆ ಅಷ್ಟರಲ್ಲಿ ಕಾರನ್ನು ಕೆಡಿಸಲು ಯಾರಿಗೂ ಹೆಚ್ಚು ಕಾಲ ಸಿಕ್ಕಿರುವುದಿಲ್ಲ. ಹದಿನೈದು ವರ್ಷದ ಕಾರಿಗೆ ಈ ಲೆಕ್ಕ ಹೊಂದುವುದಿಲ್ಲ. ಒಂದೇ ಕಾರ್ಖಾನೆಯಿಂದ ಒಂದೇ ತಿಂಗಳು ಹೊರಬಂದ ಎರಡು ಕಾರುಗಳಲ್ಲಿ ಒಂದು ಇನ್ನೂ ಏಳೆಂಟು ವರ್ಷ ನಿಶ್ಚಿಂತೆಯಿಂದ ಓಡುವಂತಿರುತ್ತದೆ, ಇನ್ನೊಂದು ಗುಜರಿಗೆ ಹೋಗುವ ಹಾದಿಯಲ್ಲಿರುತ್ತದೆ. ಬೆಲೆಯ ಪಟ್ಟಿ ಇವೆರಡಕ್ಕೂ ಒಂದೇ ಅಂಕಿಯನ್ನು ತೋರಿಸುತ್ತದೆ.

ಈ ಮಾರುಕಟ್ಟೆಯ ತೊಡಕನ್ನು ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಪ್ರಕಟಿಸಿದ ಒಂದು ಪ್ರಬಂಧದಲ್ಲಿ ಬಿಡಿಸಿಟ್ಟರು. ಕಾರಿನ ಒಳಗುಟ್ಟು ಮಾರುವವರಿಗೆ ಗೊತ್ತಿರುತ್ತದೆ, ಕೊಳ್ಳುವವರಿಗೆ ಗೊತ್ತಿರುವುದಿಲ್ಲ. ಗೊತ್ತಿಲ್ಲದವರು ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ನಡುವಿನ ಒಂದು ಬೆಲೆಯನ್ನಷ್ಟೇ ಕೊಡಲು ಸಿದ್ಧರಿರುತ್ತಾರೆ. ಆ ನಡುವಿನ ಬೆಲೆಗೆ ತಮ್ಮ ಒಳ್ಳೆಯ ಕಾರನ್ನು ಕೊಡಲು ಮನಸ್ಸಾಗದವರು ಮಾರುವುದನ್ನೇ ಕೈಬಿಡುತ್ತಾರೆ. ಕೆಟ್ಟ ಕಾರುಗಳ ಪಾಲು ಹೆಚ್ಚುತ್ತದೆ. ಅದನ್ನು ಕಂಡು ಕೊಳ್ಳುವವರು ಬೆಲೆಯನ್ನು ಇನ್ನಷ್ಟು ಇಳಿಸುತ್ತಾರೆ. ಅಕರ್ಲಾಫ್ ಅವರಿಗೆ 2001ರಲ್ಲಿ ಮೈಕೆಲ್ ಸ್ಪೆನ್ಸ್ ಮತ್ತು ಜೋಸೆಫ್ ಸ್ಟಿಗ್ಲಿಟ್ಜ್ ಅವರೊಂದಿಗೆ ನೊಬೆಲ್ ಸ್ಮಾರಕ ಪ್ರಶಸ್ತಿ ಬಂದದ್ದು ಇಂಥ ಮಾರುಕಟ್ಟೆಗಳ ಕುರಿತ ಚಿಂತನೆಗಾಗಿ. ನಮಗೆ ಇಲ್ಲಿ ಬೇಕಾದದ್ದು ಅದರ ಒಂದು ಎಳೆ ಮಾತ್ರ: ಕಾರಿನ ಒಳಗುಟ್ಟನ್ನು ತಿಳಿಯಲು ನೀವು ಕಳೆಯುವ ಎರಡು ಗಂಟೆ ಬೆಲೆಯನ್ನು ಇಳಿಸುವುದಕ್ಕೆ ಮಾತ್ರವಲ್ಲ, ಒಳ್ಳೆಯ ಕಾರು ಕಂಡಾಗ ಹೆಚ್ಚು ಕೊಡುವ ಧೈರ್ಯಕ್ಕೂ ಬೇಕು. ಹಿಂಜರಿದು ಒಳ್ಳೆಯ ಕಾರುಗಳನ್ನು ಕೈಬಿಟ್ಟವರನ್ನು ನಾನು ಬಹಳ ನೋಡಿದ್ದೇನೆ.

ಕಾರಿನ ಹತ್ತಿರ ಹೋಗುವ ಮೊದಲು ಕಾಗದಗಳನ್ನು ಕೇಳಿ. ಮಾಲೀಕತ್ವದ ಪತ್ರ, ಅದರ ಮೇಲೆ ಸಾಲ ಬಾಕಿ ಇದೆಯೇ ಇಲ್ಲವೇ ಎಂಬುದು, ಪತ್ರದಲ್ಲಿರುವ ಹೆಸರು ಮಾರುವವರದೇ ಹೌದೇ ಎಂಬುದು, ಇವು ಮೊದಲ ಹಂತ. ಇಲ್ಲಿ ಎಡವಿದರೆ ಎಂಜಿನ್ ಎಷ್ಟು ಚೆನ್ನಾಗಿದ್ದರೂ ಪ್ರಯೋಜನವಿಲ್ಲ. 1980ರ ದಶಕದಿಂದೀಚೆಗಿನ ಬಹುತೇಕ ಕಾರುಗಳಿಗೆ 17 ಅಕ್ಷರ ಮತ್ತು ಅಂಕಿಗಳ ಷಾಸಿ ಸಂಖ್ಯೆ ಇರುತ್ತದೆ. ಒಂದು ಮತ್ತು ಸೊನ್ನೆಯೊಡನೆ ಗೊಂದಲವಾಗದಿರಲೆಂದು ಅದರಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳನ್ನು ಬಳಸುವುದಿಲ್ಲ. ಪತ್ರದಲ್ಲಿರುವ ಸಂಖ್ಯೆಯನ್ನು ಲೋಹದ ಮೇಲೆ ಕೆತ್ತಿದ ಸಂಖ್ಯೆಯೊಂದಿಗೆ ಒಂದೊಂದೇ ಅಕ್ಷರ ಗಟ್ಟಿಯಾಗಿ ಓದಿ ಹೋಲಿಸಿ. ಕೆತ್ತಿದ ಜಾಗದ ಸುತ್ತ ಉಜ್ಜಿದ ಗುರುತು, ಹೊಸ ಬಣ್ಣ, ಬೆಸುಗೆಯ ಗೆರೆ ಕಂಡರೆ ಮಾತುಕತೆಯನ್ನು ಅಲ್ಲಿಗೇ ನಿಲ್ಲಿಸಬೇಕು.

ಎರಡನೆಯ ಬಗೆಯ ಕಾಗದ ಸರ್ವಿಸಿನ ದಾಖಲೆ. ಒಮ್ಮೆ ಹದಿನೇಳು ವರ್ಷದ, 2,10,000 ಕಿಲೋಮೀಟರ್ ಓಡಿದ ಕಾರೊಂದನ್ನು ನೋಡಲು ಹೋಗಿದ್ದೆ. ಯಜಮಾನರು ಏನೂ ಹೇಳದೆ ಡ್ಯಾಶ್‌ಬೋರ್ಡಿನ ಖಾನೆಯಿಂದ ಒಂದು ನೋಟ್‌ಬುಕ್ ತೆಗೆದು ನನ್ನ ಕೈಗಿಟ್ಟರು. ರಟ್ಟಿನ ಮೂಲೆಗಳು ಸವೆದು ದುಂಡಗಾಗಿದ್ದವು. ಪ್ರತಿ ಪುಟಕ್ಕೂ ಗೆರೆ ಎಳೆದು ನಾಲ್ಕು ಅಂಕಣ ಮಾಡಿದ್ದರು: ತಾರೀಖು, ಕಿಲೋಮೀಟರ್, ಮಾಡಿದ ಕೆಲಸ, ಕೊಟ್ಟ ಹಣ. ಮೊದಲ ಪುಟಗಳ ಶಾಯಿ ಕಂದಿತ್ತು, ನಡುವೆ ಪೆನ್ನು ಹಲವು ಬಾರಿ ಬದಲಾಗಿತ್ತು, ಒಂದು ಪುಟದ ಅಂಚಿನಲ್ಲಿ ಎಣ್ಣೆಯ ಹೆಬ್ಬೆರಳ ಗುರುತು ಉಳಿದಿತ್ತು. 1,04,300 ಕಿಲೋಮೀಟರಿಗೆ ಟೈಮಿಂಗ್ ಬೆಲ್ಟ್ (ವಾಲ್ವುಗಳನ್ನು ಪಿಸ್ಟನ್ನಿನ ಓಟಕ್ಕೆ ಹೊಂದಿಸುವ ಪಟ್ಟಿ) ಮತ್ತು ವಾಟರ್ ಪಂಪ್ ಎಂದು ಬರೆದ ಸಾಲಿನ ಪಕ್ಕದಲ್ಲಿ ಹೊಸ ಬೆಲ್ಟಿನ ಪೊಟ್ಟಣದಿಂದ ಕತ್ತರಿಸಿದ ಚೀಟಿಯನ್ನು ಅಂಟಿಸಿದ್ದರು. ನಾನು ಆ ಪುಸ್ತಕವನ್ನು ಓದಿದಷ್ಟು ಹೊತ್ತು ಕಾರಿನ ಬಾನೆಟ್ ತೆರೆದಿರಲಿಲ್ಲ, ಆದರೆ ಅರ್ಧ ನಿರ್ಣಯ ಆಗಿಹೋಗಿತ್ತು. ಮಾರುವ ಕಾಲಕ್ಕೆಂದು ಬರೆದ ಪುಸ್ತಕ ಹೀಗಿರುವುದಿಲ್ಲ. ಅದರಲ್ಲಿ ಎಲ್ಲ ಸಾಲುಗಳೂ ಒಂದೇ ಶಾಯಿಯಲ್ಲಿ, ಒಂದೇ ಓಟದ ಕೈಬರಹದಲ್ಲಿ ಇರುತ್ತವೆ, ಕಿಲೋಮೀಟರುಗಳು ಸೊನ್ನೆಗಳಲ್ಲೇ ಮುಗಿಯುತ್ತವೆ.

ಪುಸ್ತಕ ಇಲ್ಲದಿದ್ದರೆ ಕಾರೇ ಪುಸ್ತಕ. ಓಡಿದ ದೂರವನ್ನು ತೋರಿಸುವ ಮೀಟರನ್ನು ಹಿಂದಕ್ಕೆ ತಿರುಗಿಸುವುದು ಹಳೆಯ ಮೋಸ. ಡಿಜಿಟಲ್ ಮೀಟರು ಬಂದ ಮೇಲೂ ಅದು ನಿಂತಿಲ್ಲ. ಆದರೆ ಮೀಟರನ್ನು ತಿದ್ದುವವರು ಬ್ರೇಕ್ ಪೆಡಲಿನ ರಬ್ಬರನ್ನು ಮರೆಯುತ್ತಾರೆ. ಬಲಗಾಲು ಸದಾ ಒತ್ತುವ ಒಂದು ಮೂಲೆ ಸವೆದು ನುಣುಪಾಗಿದ್ದರೆ, ಸ್ಟಿಯರಿಂಗ್ ಚಕ್ರದ ಮೇಲ್ಭಾಗದ ಹೊಳಪು ಕೆಳಭಾಗಕ್ಕಿಂತ ಬೇರೆಯಾಗಿದ್ದರೆ, ಚಾಲಕನ ಸೀಟಿನಲ್ಲಿ ಹತ್ತಿ ಇಳಿಯುವ ಕಡೆಯ ಉಬ್ಬು ಕುಸಿದಿದ್ದರೆ, 60,000 ಎಂದು ಹೇಳುವ ಮೀಟರನ್ನು ನಂಬುವ ಕಾರಣವಿಲ್ಲ. ಪೆಡಲಿನ ರಬ್ಬರು ಹೊಚ್ಚ ಹೊಸದಾಗಿದ್ದರೆ ಅದೂ ಒಂದು ಪ್ರಶ್ನೆಯೇ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಕಡಿಮೆ ಓಡಿದ ಹಳೆಯ ಕಾರು ಒಳ್ಳೆಯ ಕಾರೆಂಬ ನಂಬಿಕೆ ಎಲ್ಲೆಡೆ ಇದೆ, ಮತ್ತು ಅದಕ್ಕಾಗಿ ಜನ ಹೆಚ್ಚು ಹಣವನ್ನೂ ಕೊಡುತ್ತಾರೆ. ಹದಿನೈದು ವರ್ಷದಲ್ಲಿ 45,000 ಕಿಲೋಮೀಟರ್ ಎಂದರೆ ವರ್ಷಕ್ಕೆ 3,000, ದಿನಕ್ಕೆ ಸುಮಾರು ಎಂಟು. ನಾಲ್ಕು ಕಿಲೋಮೀಟರ್ ಹೋಗಿ ನಾಲ್ಕು ಕಿಲೋಮೀಟರ್ ಬರುವ ಕಾರಿನ ಎಂಜಿನ್ ಪೂರ್ತಿ ಬಿಸಿಯೇ ಆಗುವುದಿಲ್ಲ. ದಹನದಲ್ಲಿ ಹುಟ್ಟಿದ ನೀರಿನ ಆವಿ ಮತ್ತು ಉರಿಯದ ಇಂಧನದ ಪಸೆ ಎಂಜಿನ್ ಆಯಿಲಿನೊಳಗೆ ಇಳಿಯುತ್ತವೆ, ಹೊರಹೋಗುವಷ್ಟು ಕಾವು ಸಿಗದೆ ಅಲ್ಲಿಯೇ ಉಳಿಯುತ್ತವೆ. ಸೈಲೆನ್ಸರಿನೊಳಗೂ ನೀರು ನಿಂತು ತುಕ್ಕು ಹಿಡಿಸುತ್ತದೆ. ಡೀಸೆಲ್ ಕಾರಾದರೆ ಹೊಗೆಯ ಮಸಿಯನ್ನು ಹಿಡಿದು ಸುಡುವ ಫಿಲ್ಟರ್ ಶುದ್ಧವಾಗಲು ದೀರ್ಘ ಓಟ ಬೇಕು, ಅದು ಸಿಗದಿದ್ದರೆ ಕಟ್ಟಿಕೊಳ್ಳುತ್ತದೆ. ನಿಂತಲ್ಲೇ ನಿಂತ ಕಾರಿನ ಸೀಲುಗಳು ಒಣಗುತ್ತವೆ, ಬ್ರೇಕಿನ ಡಿಸ್ಕನ್ನು ಅದುಮುವ ಕ್ಯಾಲಿಪರುಗಳು ಬಿಡದೆ ಹಿಡಿದುಕೊಳ್ಳುತ್ತವೆ. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಎರಡು ಲಕ್ಷ ಓಡಿ, ಹೊತ್ತಿಗೆ ಸರಿಯಾಗಿ ಆಯಿಲ್ ಬದಲಾದ ಎಂಜಿನ್ ಇದಕ್ಕಿಂತ ಆರೋಗ್ಯವಾಗಿರುವುದು ಅಪರೂಪವೇನಲ್ಲ. ಓಡಿದ ದೂರವನ್ನು ಕೇಳಿ, ಆದರೆ ಅದು ಹೇಗೆ ಓಡಿತೆಂಬುದನ್ನೂ ಕೇಳಿ.

ಕಾರನ್ನು ನೋಡಲು ಬೆಳಿಗ್ಗೆ ಹೋಗಿ, ಮತ್ತು ತಾವು ಬರುವ ತನಕ ಸ್ಟಾರ್ಟ್ ಮಾಡಬಾರದೆಂದು ಮೊದಲೇ ತಿಳಿಸಿ. ಹೋದ ಕೂಡಲೇ ಬಾನೆಟ್ಟಿನ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಕಾರಣ ಕೇಳಿ, ಸಾಧ್ಯವಾದರೆ ಇನ್ನೊಂದು ದಿನ ಬನ್ನಿ. ತಣ್ಣಗಿನ ಎಂಜಿನ್ ಮಾತ್ರ ನಿಜ ಹೇಳುತ್ತದೆ: ರಾತ್ರಿಯಿಡೀ ಆಯಿಲ್ ಕೆಳಗಿಳಿದಿರುವ ಹೊತ್ತಿನಲ್ಲಿ ಸವೆದ ಟೈಮಿಂಗ್ ಚೈನು ಒಂದೆರಡು ಸೆಕೆಂಡು ಗಲಗಲಿಸುತ್ತದೆ, ಬಿಸಿಯಾದ ಮೇಲೆ ಆ ಸದ್ದು ಅಡಗಿಹೋಗುತ್ತದೆ. ಸ್ಟಾರ್ಟ್ ಮಾಡುವ ಮೊದಲು ಆಯಿಲ್ ತುಂಬುವ ಮುಚ್ಚಳವನ್ನು ಬಿಚ್ಚಿ ಒಳಭಾಗವನ್ನು ನೋಡಿ. ಅಲ್ಲಿ ಬೆಣ್ಣೆಯಂಥ ತಿಳಿ ಕಂದು ಲೇಪ ಇದ್ದರೆ ಆಯಿಲಿಗೆ ನೀರು ಸೇರುತ್ತಿದೆ; ಅದು ಚಿಕ್ಕ ಓಟಗಳ ತೇವವೂ ಆಗಿರಬಹುದು, ಎಂಜಿನ್ನಿನ ತಲೆಭಾಗದ ಸಂದನ್ನು ಮುಚ್ಚುವ ಹೆಡ್ ಗ್ಯಾಸ್ಕೆಟ್ ಹೋಗಿರುವುದೂ ಇರಬಹುದು. ಆಯಿಲಿನ ಮಟ್ಟ ನೋಡುವ ಡಿಪ್‌ಸ್ಟಿಕ್ಕಿನಲ್ಲೂ ಅದೇ ಲೇಪ ಕಂಡರೆ ಮತ್ತು ಎಂಜಿನ್ನನ್ನು ತಂಪಾಗಿಡುವ ದ್ರವವಾದ ಕೂಲಂಟ್ ಕಡಿಮೆಯಾಗಿದ್ದರೆ ಎರಡನೆಯದೇ ಹೆಚ್ಚು ಸಂಭವ. ಕೂಲಂಟಿನ ಮುಚ್ಚಳವನ್ನು ತಣ್ಣಗಿರುವಾಗಲಷ್ಟೇ ತೆರೆಯಬೇಕು. ಬಿಸಿಯಿದ್ದಾಗ ತೆರೆದರೆ ಒತ್ತಡದಲ್ಲಿ ಚಿಮ್ಮಿ ಮುಖ ಸುಡುತ್ತದೆ. ಒಳಗೆ ತುಕ್ಕಿನ ನೀರಿದ್ದರೆ ಯಾರೋ ವರ್ಷಗಟ್ಟಲೆ ಬರಿಯ ನಲ್ಲಿ ನೀರು ಹಾಕಿದ್ದಾರೆ ಎಂದರ್ಥ.

ಸ್ಟಾರ್ಟ್ ಮಾಡಿದಾಗ ಇನ್ನೊಬ್ಬರನ್ನು ಸೈಲೆನ್ಸರಿನ ಹಿಂದೆ ನಿಲ್ಲಿಸಿ. ತಣ್ಣನೆಯ ಬೆಳಿಗ್ಗೆ ಸ್ವಲ್ಪ ಬಿಳಿಯ ಆವಿ ಸಹಜ, ಬಿಸಿಯಾದ ಮೇಲೂ ದಟ್ಟವಾಗಿ ಬರುತ್ತಿದ್ದು ಸಿಹಿವಾಸನೆ ಇದ್ದರೆ ಕೂಲಂಟ್ ಉರಿಯುತ್ತಿದೆ. ಕಪ್ಪು ಹೊಗೆ ಹೆಚ್ಚಾದ ಇಂಧನದ್ದು. ಅದರ ಕಾರಣ ಹಲವು ಬಾರಿ ಅಗ್ಗದ್ದೇ ಆಗಿರುತ್ತದೆ. ನೀಲಿ ಹೊಗೆ ಆಯಿಲಿನದು, ಮತ್ತು ಅದು ಯಾವಾಗ ಬರುತ್ತದೆ ಎಂಬುದರ ಮೇಲೆ ಖರ್ಚು ನಿಂತಿದೆ. ಇಳಿಜಾರಿನಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದು ಗೇರಿನಲ್ಲೇ ಇಳಿದು, ಕೆಳಗೆ ಮತ್ತೆ ಒತ್ತಿದಾಗ ಒಮ್ಮೆ ಬುಸ್ಸೆಂದು ಬಂದು ನಿಂತರೆ ವಾಲ್ವಿನ ಸೀಲುಗಳು ಗಟ್ಟಿಯಾಗಿವೆ. ಏರಿನಲ್ಲಿ ಒತ್ತಿದಷ್ಟು ಹೊತ್ತೂ ಬರುತ್ತಿದ್ದರೆ ಪಿಸ್ಟನ್ ರಿಂಗುಗಳು ಸವೆದಿವೆ. ಮೊದಲನೆಯದನ್ನು ಬೆಲೆಯಲ್ಲಿ ಕಳೆದುಕೊಳ್ಳಬಹುದು, ಎರಡನೆಯದು ಎಂಜಿನ್ನನ್ನೇ ಬಿಚ್ಚುವ ಕೆಲಸ.

ಜನ ಎಂಜಿನ್ನಿಗೆ ಹೆದರಿದಷ್ಟು ತುಕ್ಕಿಗೆ ಹೆದರುವುದಿಲ್ಲ. ನನ್ನ ಅನುಭವ ಇದಕ್ಕೆ ವಿರುದ್ಧ. ಎಂಜಿನ್ನನ್ನು ಬಿಚ್ಚಿ ಕಟ್ಟಬಹುದು, ಬೇರೊಂದನ್ನು ತಂದು ಕೂರಿಸಲೂಬಹುದು. ತುಕ್ಕು ತಿಂದ ದೇಹಕ್ಕೆ ಬೇರೆ ದೇಹವಿಲ್ಲ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಹಿಡಿಯುತ್ತದೆ, ಆದ್ದರಿಂದ ಬಣ್ಣದ ಅಡಿಯಲ್ಲಿ ಊದಿ ಬಣ್ಣವನ್ನು ಮೇಲಕ್ಕೆತ್ತುತ್ತದೆ. ಹೊರಗೆ ಉದ್ದಿನ ಕಾಳಿನಷ್ಟು ಗುಳ್ಳೆ ಕಂಡರೆ ಒಳಗೆ ಅಂಗೈಯಗಲ ಹೋಗಿರಬಹುದು. ಕಲ್ಲು ಬಡಿದು ಬಣ್ಣ ಹಾರಿದ ಚುಕ್ಕೆಯ ತುಕ್ಕು ಬೇರೆ, ಒಳಗಿನಿಂದ ಊದಿ ಬಂದ ಗುಳ್ಳೆ ಬೇರೆ. ಮೊದಲನೆಯದನ್ನು ಉಜ್ಜಿ ಬಣ್ಣ ಹಚ್ಚಿದರೆ ಮುಗಿಯಿತು. ಚಕ್ರದ ಕಮಾನಿನ ಒಳಮಡಿಕೆಯಲ್ಲಿ ಬೆರಳಾಡಿಸಿ, ಬಾಗಿಲಿನ ಕೆಳಗಿನ ಉದ್ದನೆಯ ಪಟ್ಟಿಯನ್ನು ಗೆಣ್ಣಿನಿಂದ ತಟ್ಟುತ್ತ ಹೋಗಿ. ಗಟ್ಟಿ ಲೋಹ ಟಣ್ಣೆನ್ನುತ್ತದೆ, ಪುಟ್ಟಿ ತುಂಬಿದ ಜಾಗ ಮಂಕಾಗಿ ಡಬ್ಬೆನ್ನುತ್ತದೆ. ಒಂದು ತೆಳುವಾದ ಅಯಸ್ಕಾಂತವನ್ನು ಬಟ್ಟೆಯಲ್ಲಿ ಸುತ್ತಿ ಹಿಡಿದರೆ, ಉಕ್ಕಿನ ಹಲಗೆಯ ಮೇಲೆ ಅದು ಎಲ್ಲಿ ಅಂಟುವುದಿಲ್ಲವೋ ಅಲ್ಲಿ ಲೋಹದ ಬದಲು ಪುಟ್ಟಿ ಇದೆ. ಕಾರನ್ನು ಎತ್ತಿ ನಿಲ್ಲಿಸುವ ವ್ಯವಸ್ಥೆ ಇರುವಲ್ಲಿಗೆ ಕೊಂಡೊಯ್ದು ಸಸ್ಪೆನ್ಷನ್ ಕೂರುವ ಜಾಗಗಳನ್ನು, ಎಂಜಿನ್ ಮತ್ತು ಸಸ್ಪೆನ್ಷನ್ನನ್ನು ಹೊರುವ ಸಬ್‌ಫ್ರೇಮನ್ನು, ಬ್ರೇಕಿನ ಉಕ್ಕಿನ ಕೊಳವೆಗಳನ್ನು ನೋಡದೆ ಹಣ ಕೊಡಬೇಡಿ. ಅಡಿಭಾಗಕ್ಕೆ ಇತ್ತೀಚೆಗೆ ಕಪ್ಪು ಲೇಪ ಬಳಿದಿದ್ದರೆ ಅದು ರಕ್ಷಣೆಯೂ ಇರಬಹುದು, ಮುಚ್ಚಳವೂ ಇರಬಹುದು. ಸ್ಕ್ರೂ ಡ್ರೈವರಿನ ಹಿಡಿಯಿಂದ ತಟ್ಟಿ ನೋಡಲು ಒಪ್ಪದವರ ಕಾರನ್ನು ಅದರ ಪಾಡಿಗೆ ಬಿಡುವುದು ಮೇಲು.

ನೀರು ಹೊಕ್ಕ ಕಾರಿನ ವಿಷಯದಲ್ಲಿ ನನ್ನದೇ ತಪ್ಪೊಂದನ್ನು ಹೇಳಬೇಕು. ಆಪ್ತರೊಬ್ಬರಿಗಾಗಿ ನಾನೇ ನೋಡಿ ಒಪ್ಪಿಗೆ ಕೊಟ್ಟ ಕಾರು ಅದು. ಒಳಗೆಲ್ಲ ಹೊಳೆಯುತ್ತಿತ್ತು, ಸುಗಂಧದ ಡಬ್ಬಿಯೊಂದನ್ನು ಇಟ್ಟಿದ್ದರು, ಎಂಜಿನ್ ಚೆನ್ನಾಗಿತ್ತು. ಮೂರು ತಿಂಗಳಲ್ಲಿ ಕಿಟಕಿಗಳು ತಾವಾಗಿ ಇಳಿಯತೊಡಗಿದವು, ಮೀಟರಿನ ದೀಪಗಳು ಒಂದೊಂದಾಗಿ ಆರಿದವು, ಒಂದು ದಿನ ಕಾರು ನಡುದಾರಿಯಲ್ಲಿ ನಿಂತಿತು. ಆಗ ನಾನು ಹಿಂದಿನ ಸೀಟಿನ ಬೆಲ್ಟನ್ನು ಅದರ ಕೊನೆಯವರೆಗೂ ಹೊರಗೆಳೆದೆ. ದಿನನಿತ್ಯ ಹೊರಬರುವ ಭಾಗ ಶುಭ್ರವಾಗಿತ್ತು. ಎಂದೂ ಹೊರಬಾರದ ಕೊನೆಯ ಎರಡು ಗೇಣಿನಲ್ಲಿ ಮಣ್ಣಿನ ಬಣ್ಣದ ಒಂದು ಗೆರೆ, ಅದರ ಕೆಳಗೆಲ್ಲ ಕಂದು ಕಲೆ. ಪ್ರವಾಹದ ನೀರು ಎಲ್ಲಿಯವರೆಗೆ ನಿಂತಿತ್ತೆಂಬುದನ್ನು ಆ ಗೆರೆ ಅಳತೆಗೋಲಿನಂತೆ ತೋರಿಸುತ್ತಿತ್ತು. ಸೀಟನ್ನು ಬಿಚ್ಚಿದಾಗ ಬೋಲ್ಟುಗಳು ತುಕ್ಕು ಹಿಡಿದಿದ್ದವು, ನೆಲಹಾಸಿನ ಕೆಳಗಿನ ಸ್ಪಂಜು ಇನ್ನೂ ತೇವವಾಗಿತ್ತು, ವೈರುಗಳ ಕನೆಕ್ಟರುಗಳಲ್ಲಿ ತಾಮ್ರ ಹಸಿರುಗಟ್ಟಿತ್ತು. ಇದೆಲ್ಲವನ್ನೂ ನಾನು ಕೊಳ್ಳುವ ದಿನವೇ ಹತ್ತು ನಿಮಿಷದಲ್ಲಿ ನೋಡಬಹುದಾಗಿತ್ತು. ಅಂದಿನಿಂದ ನಾನು ಯಾವ ಕಾರಿನಲ್ಲೂ ಎಲ್ಲ ಬೆಲ್ಟುಗಳನ್ನೂ ಪೂರ್ತಿ ಎಳೆಯದೆ ಬಿಟ್ಟಿಲ್ಲ, ಸ್ಟೆಪ್ನಿಯನ್ನು ಎತ್ತಿ ಅದರ ಗುಂಡಿಯಲ್ಲಿ ಕೆಸರಿನ ಹುಡಿ ಇದೆಯೇ ಎಂದು ನೋಡದೆ ಬಿಟ್ಟಿಲ್ಲ. ನೀರು ಹೊಕ್ಕ ಕಾರಿನ ಎರಡನೆಯ ಕಂತಿಗೆ ಮೊತ್ತವೇ ಇಲ್ಲ, ಅದು ಮುಗಿಯುವುದಿಲ್ಲ.

ಅಪಘಾತದ ಗುರುತುಗಳನ್ನು ಹಗಲು ಬೆಳಕಿನಲ್ಲಿ, ಒಣಗಿದ ಕಾರಿನ ಮೇಲೆ ನೋಡಬೇಕು. ಒದ್ದೆ ಬಣ್ಣದಲ್ಲಿ ಎಲ್ಲ ಕಾರುಗಳೂ ಚೆಂದ. ಕಾರ್ಖಾನೆಯ ಬಣ್ಣದ ದಪ್ಪ ಸಾಮಾನ್ಯವಾಗಿ 80ರಿಂದ 150 ಮೈಕ್ರಾನಿನ ಆಸುಪಾಸಿನಲ್ಲಿರುತ್ತದೆ; ಅಳೆಯುವ ಸಣ್ಣ ಉಪಕರಣ ಸಿಗುತ್ತದೆ, ಒಂದು ಬಾಗಿಲಿನಲ್ಲಿ 120 ಮತ್ತು ಪಕ್ಕದ ಬಾಗಿಲಿನಲ್ಲಿ 600 ತೋರಿಸಿದರೆ ಎರಡನೆಯದರ ಕೆಳಗೆ ಪುಟ್ಟಿ ಇದೆ. ಉಪಕರಣವಿಲ್ಲದಿದ್ದರೆ ಬಾನೆಟ್ ಮತ್ತು ಬಾಗಿಲುಗಳ ಕೀಲಿನ ಬೋಲ್ಟುಗಳ ತಲೆಯನ್ನು ನೋಡಿ. ಸ್ಪಾನರ್ ತಗುಲಿ ಬಣ್ಣ ಹಾರಿದ್ದರೆ ಅದನ್ನು ಎಂದೋ ಬಿಚ್ಚಿದ್ದಾರೆ. ಗಾಜುಗಳ ಮೂಲೆಯ ಮುದ್ರೆಗಳನ್ನು ಹೋಲಿಸಿ. ಎಲ್ಲದರಲ್ಲೂ ಒಂದೇ ತಯಾರಕರ ಮುದ್ರೆಯಿದ್ದು ಒಂದರಲ್ಲಿ ಬೇರೆ ಇದ್ದರೆ ಆ ಗಾಜು ಏಕೆ ಬದಲಾಯಿತೆಂದು ಕೇಳಿ. ಬಾಗಿಲೊಂದು ಬದಲಾಗಿರುವುದು ದೊಡ್ಡ ವಿಷಯವಲ್ಲ, ಹದಿನೈದು ವರ್ಷ ರಸ್ತೆಯಲ್ಲಿದ್ದ ಕಾರಿಗೆ ಪೆಟ್ಟೇ ಬಿದ್ದಿಲ್ಲವೆಂದರೆ ಅದೇ ಆಶ್ಚರ್ಯ. ಬಾನೆಟ್ಟಿನ ಒಳಗೆ ಮುಂದಿನ ಉದ್ದ ತೊಲೆಗಳು ಸುಕ್ಕಾಗಿದ್ದರೆ ಅಥವಾ ಬೆಸುಗೆ ಕಂಡರೆ ಮಾತ್ರ ಮುಂದುವರಿಯಬೇಡಿ.

ಟೈರುಗಳಲ್ಲಿ ಜನ ಮೇಲ್ಮೈಯ ಗೆರೆಗಳ ಆಳವನ್ನಷ್ಟೇ ನೋಡುತ್ತಾರೆ. 2000ದಿಂದೀಚೆಗೆ ತಯಾರಾದ ಟೈರುಗಳ ಬದಿಯಲ್ಲಿ ನಾಲ್ಕು ಅಂಕಿಗಳ ಗುರುತಿರುತ್ತದೆ. 2319 ಎಂದಿದ್ದರೆ 2019ರ 23ನೆಯ ವಾರದಲ್ಲಿ ತಯಾರಾದದ್ದು. ರಬ್ಬರು ಓಡದಿದ್ದರೂ ಮುಪ್ಪಾಗುತ್ತದೆ, ಗಟ್ಟಿಯಾಗುತ್ತದೆ, ಬದಿಯಲ್ಲಿ ಕೂದಲೆಳೆಯ ಬಿರುಕು ಬಿಡುತ್ತದೆ. ಹತ್ತು ವರ್ಷದ ಟೈರು ಎಷ್ಟೇ ಆಳದ ಗೆರೆಗಳಿದ್ದರೂ ಲೆಕ್ಕದಲ್ಲಿ ಸೊನ್ನೆ. ಇನ್ನೊಂದು ಸಂಗತಿಯೆಂದರೆ ಟೈರು ಸಸ್ಪೆನ್ಷನ್ನಿನ ಸ್ಥಿತಿಗೆ ಸಾಕ್ಷಿ ಹೇಳುತ್ತದೆ. ಒಳ ಅಂಚು ಮಾತ್ರ ಸವೆದಿದ್ದರೆ ಚಕ್ರದ ಕೋನ ತಪ್ಪಿದೆ, ಸಸ್ಪೆನ್ಷನ್ನಿನ ಕೀಲುಗಳ ರಬ್ಬರ್ ಬುಷ್ ಹೋಗಿರಬಹುದು; ಮೇಲ್ಮೈ ಅಲ್ಲಲ್ಲಿ ತಗ್ಗು ಉಬ್ಬಾಗಿದ್ದರೆ ಶಾಕ್ ಅಬ್ಸಾರ್ಬರ್ ಕೆಲಸ ಮಾಡುತ್ತಿಲ್ಲ. ನಾಲ್ಕು ಟೈರೂ ನಾಲ್ಕು ಬಗೆಯ ಅಗ್ಗದ ಟೈರಾಗಿದ್ದರೆ, ಕಾಣುವ ಜಾಗದಲ್ಲೇ ಹೀಗೆ ಉಳಿತಾಯ ಮಾಡಿದವರು ಕಾಣದ ಆಯಿಲಿನಲ್ಲಿ ಏನು ಮಾಡಿರಬಹುದೆಂದು ಯೋಚಿಸಬೇಕಾಗುತ್ತದೆ.

ಕೀಲಿಯನ್ನು ತಿರುಗಿಸಿ, ಎಂಜಿನ್ ಸ್ಟಾರ್ಟ್ ಮಾಡದೆ ಒಂದು ಕ್ಷಣ ನಿಲ್ಲಿ. ಎಂಜಿನ್, ಏರ್‌ಬ್ಯಾಗ್, ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಬಿಗಿದುಕೊಳ್ಳದಂತೆ ತಡೆಯುವ ವ್ಯವಸ್ಥೆ) ಎಚ್ಚರಿಕೆಯ ದೀಪಗಳು ಹತ್ತಬೇಕು, ಆಮೇಲೆ ಆರಬೇಕು. ಆರದ ದೀಪವನ್ನು ಎಲ್ಲರೂ ಗಮನಿಸುತ್ತಾರೆ. ಹತ್ತಲೇ ಇಲ್ಲದ ದೀಪವನ್ನು ಯಾರೂ ಗಮನಿಸುವುದಿಲ್ಲ, ಅದೇ ಹೆಚ್ಚು ಅಪಾಯ, ಏಕೆಂದರೆ ಯಾರೋ ಆ ದೀಪವನ್ನೇ ಕಿತ್ತಿರಬಹುದು. ಅಮೆರಿಕದಲ್ಲಿ 1996ರಿಂದ, ಯುರೋಪಿನಲ್ಲಿ ಪೆಟ್ರೋಲ್ ಕಾರುಗಳಿಗೆ 2001ರಿಂದ ಕಡ್ಡಾಯವಾದ, ಕಾರಿನ ಕಂಪ್ಯೂಟರಿನೊಂದಿಗೆ ಮಾತಾಡುವ ಒಬಿಡಿ ಸಾಕೆಟ್ ಈಗ ಎಲ್ಲೆಡೆಯ ಕಾರುಗಳಲ್ಲಿದೆ. ಅದಕ್ಕೆ ಸಿಕ್ಕಿಸುವ ಸಣ್ಣ ಸಾಧನ ದೋಷದ ಸಂಕೇತಗಳನ್ನು ಓದುತ್ತದೆ. ಸಂಕೇತ ಒಂದೂ ಇಲ್ಲವೆಂದು ಕೂಡಲೇ ಸಂತೋಷಪಡಬೇಡಿ. ಕಾರು ತನ್ನೊಳಗಿನ ಸ್ವಯಂಪರೀಕ್ಷೆಗಳನ್ನು ಮುಗಿಸಿದೆಯೇ ಎಂಬುದನ್ನೂ ಅದೇ ಸಾಧನ ತೋರಿಸುತ್ತದೆ. ಹಲವು ಪರೀಕ್ಷೆಗಳು ಬಾಕಿ ಇವೆಯೆಂದರೆ, ನೀವು ಬರುವ ಮೊದಲು ಯಾರೋ ಸಂಕೇತಗಳನ್ನು ಅಳಿಸಿರಬಹುದು ಅಥವಾ ಬ್ಯಾಟರಿಯನ್ನು ಬಿಚ್ಚಿರಬಹುದು.

ಓಡಿಸಿ ನೋಡುವಾಗ ಹಾಡು ಬೇಡ, ಮಾತೂ ಬೇಡ. ಸ್ಟಿಯರಿಂಗನ್ನು ಪೂರ್ತಿ ಒಂದು ಕಡೆಗೆ ತಿರುಗಿಸಿ ನಿಧಾನ ಸುತ್ತು ಹಾಕಿದಾಗ ಟಕಟಕ ಎಂದರೆ ಎಂಜಿನ್ನಿನ ಬಲವನ್ನು ಚಕ್ರಕ್ಕೆ ಮುಟ್ಟಿಸುವ ಕೀಲು, ಅಂದರೆ ಚಕ್ರದ ಕಡೆಯ ಸಿವಿ ಜಾಯಿಂಟ್ ಸವೆದಿದೆ. ವೇಗದೊಂದಿಗೆ ಏರುವ, ತಿರುವಿನಲ್ಲಿ ಬದಲಾಗುವ ಗುಂಯ್ ಸದ್ದು ಚಕ್ರದ ಬೇರಿಂಗಿನದು. ನಾಲ್ಕನೆಯ ಗೇರಿನಲ್ಲಿ ಕಡಿಮೆ ವೇಗದಿಂದ ಪೂರ್ತಿ ಒತ್ತಿದಾಗ ಎಂಜಿನ್ನಿನ ಸದ್ದು ಏರಿ ಕಾರಿನ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಆಟೋಮ್ಯಾಟಿಕ್ ಆದರೆ ರಿವರ್ಸಿಗೆ ಹಾಕಿ ಕಾಯಿರಿ. ಒಂದು ಕ್ಷಣ ತಡೆದು ದಢಕ್ಕೆಂದು ಹಿಡಿದರೆ ಗೇರ್‌ಬಾಕ್ಸಿನೊಳಗೆ ದೊಡ್ಡ ಖರ್ಚು ಕುಳಿತಿದೆ. ಏಸಿ ತಂಪಾಗುತ್ತದೆಯೇ ಎಂದು ನೋಡಿದರೆ ಸಾಕು.

ಇನ್ನು ಕಾಣದ, ಕೇಳಿಸದ ಖರ್ಚುಗಳಿವೆ. ಟೈಮಿಂಗ್ ಬೆಲ್ಟ್ ಇರುವ ಎಂಜಿನ್ನುಗಳಲ್ಲಿ ಅದಕ್ಕೆ ಕಿಲೋಮೀಟರಿನ ಮಿತಿಯಂತೆ ವರ್ಷದ ಮಿತಿಯೂ ಇದೆ, ಕಾರಿನ ಕೈಪಿಡಿಯಲ್ಲಿ ಬರೆದಿರುತ್ತದೆ. ಅದು ತುಂಡಾದರೆ ಹಲವು ಎಂಜಿನ್ನುಗಳಲ್ಲಿ ಪಿಸ್ಟನ್ನು ತೆರೆದ ವಾಲ್ವಿಗೆ ಬಡಿಯುತ್ತದೆ. ಬದಲಾಯಿಸಿದ ದಾಖಲೆ ಇಲ್ಲದಿದ್ದರೆ ಬದಲಾಯಿಸಿಲ್ಲವೆಂದೇ ಎಣಿಸಿ, ಬಾಯಿಮಾತಿಗೆ ಇಲ್ಲಿ ಬೆಲೆ ಕೊಡಬೇಡಿ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲಿನ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕೆಂಬುದು ನಿಯಮ. ನೀರು ಕುಡಿದ ಮೇಲಿನ ಮಾನದಂಡ 155 ಮಾತ್ರ. ಉದ್ದನೆಯ ಇಳಿಜಾರಿನಲ್ಲಿ ಆ ಅಂತರ ಎಂದರೆ ಬ್ರೇಕ್ ಇರುವುದಕ್ಕೂ ಇಲ್ಲದಿರುವುದಕ್ಕೂ ಇರುವ ಅಂತರ. ಹಳೆಯ ವಿದ್ಯುತ್ ಕಾರುಗಳಲ್ಲಿ ಇವುಗಳ ಬಹುಪಾಲು ಇಲ್ಲ, ಆದರೆ ಎರಡನೆಯ ಕಂತು ಪೂರ್ತಿ ಒಂದೇ ವಸ್ತುವಿನಲ್ಲಿದೆ: ಬ್ಯಾಟರಿ. ಹಲವು ತಯಾರಕರು ಅದಕ್ಕೆ 8 ವರ್ಷ ಅಥವಾ 1,60,000 ಕಿಲೋಮೀಟರ್ ಭರವಸೆ ಕೊಡುತ್ತಾರೆ, ಅದರಲ್ಲಿ ಎಷ್ಟು ಉಳಿದಿದೆ, ಮೂಲ ಸಾಮರ್ಥ್ಯದಲ್ಲಿ ಎಷ್ಟು ಪಾಲು ಉಳಿದಿದೆ, ಇವೆರಡನ್ನು ತಿಳಿಯದೆ ಬೆಲೆ ಹೇಳುವಂತಿಲ್ಲ.

ಈಗ ಲೆಕ್ಕ. ಹಣದ ಹೆಸರು ಬೇಡ, ಮಾರುವವರು ಕೇಳಿದ ಬೆಲೆಯನ್ನು 100 ಪಾಲು ಎಂದಿಟ್ಟುಕೊಳ್ಳೋಣ. ಮೊದಲ ಕಾರಿನಲ್ಲಿ ಟೈರುಗಳಿಗೆ 12, ಟೈಮಿಂಗ್ ಬೆಲ್ಟ್ ಮತ್ತು ವಾಟರ್ ಪಂಪಿಗೆ 9, ಬುಷ್ ಮತ್ತು ಶಾಕ್ ಅಬ್ಸಾರ್ಬರುಗಳಿಗೆ 11, ಬ್ಯಾಟರಿಗೆ 3, ಎಲ್ಲ ಆಯಿಲು ಮತ್ತು ಕೂಲಂಟಿಗೆ 5, ಒಟ್ಟು 40 ಪಾಲಿನ ಕೆಲಸ ಬಾಕಿ ಇದೆ. ಅಂದರೆ ಆ ಕಾರಿನ ನಿಜವಾದ ಬೆಲೆ 140. ಅದೇ ಮಾದರಿಯ ಎರಡನೆಯ ಕಾರಿಗೆ 120 ಕೇಳುತ್ತಿದ್ದಾರೆ, ಆದರೆ ಟೈರು, ಬೆಲ್ಟು, ಸಸ್ಪೆನ್ಷನ್ ಎಲ್ಲ ಕಳೆದ ವರ್ಷವೇ ಆಗಿವೆ, ಬಾಕಿ 8 ಮಾತ್ರ. ಅದು 128. ಕೇಳುವ ಬೆಲೆ ಹೆಚ್ಚಿರುವ ಕಾರೇ ಅಗ್ಗವಾಯಿತು. ಇನ್ನೂ ಒಂದು ಹೆಜ್ಜೆ ಹೋಗಿ, ದೇಹದ ಸ್ಥಿತಿ ನೋಡಿ ಎಷ್ಟು ವರ್ಷ ಬಾಳೀತೆಂದು ಅಂದಾಜು ಮಾಡಿ. ಮೊದಲನೆಯದರಲ್ಲಿ ತುಕ್ಕು ಆರಂಭವಾಗಿದ್ದು ನಾಲ್ಕು ವರ್ಷ ಎನಿಸಿದರೆ ವರ್ಷಕ್ಕೆ 35 ಪಾಲು. ಎರಡನೆಯದು ಆರು ವರ್ಷ ಬಾಳಿದರೆ ವರ್ಷಕ್ಕೆ 21ರಷ್ಟು. ಕೊನೆಯಲ್ಲಿ ಬರುವ ಗುಜರಿಯ ಬೆಲೆ ಎರಡಕ್ಕೂ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಅದನ್ನು ಬಿಟ್ಟಿದ್ದೇನೆ. ಈ ಅಂಕಿಗಳು ಉದಾಹರಣೆಗಷ್ಟೇ. ನೀವು ನಿಮ್ಮ ಗ್ಯಾರೇಜಿನಲ್ಲಿ ಒಂದೊಂದು ಕೆಲಸಕ್ಕೂ ದರ ಕೇಳಿ ಬರೆದುಕೊಳ್ಳಬೇಕು, ಭಾಗ ಸಿಗುತ್ತದೆಯೇ ಎಂದೂ ಕೇಳಬೇಕು. ತಯಾರಿಕೆ ನಿಂತ ಮಾದರಿಗಳಲ್ಲಿ ಒಂದು ಸಣ್ಣ ಭಾಗ ಸಿಗದೆ ಇಡೀ ಕಾರು ತಿಂಗಳುಗಟ್ಟಲೆ ನಿಲ್ಲುತ್ತದೆ.

ಚೌಕಾಸಿಗೆ ನಾನು ಬಳಸುವುದು ಈ ಹಾಳೆಯನ್ನೇ. ಕಾರನ್ನು ಹಳಿಯುವುದರಿಂದ ಮಾರುವವರ ಮನಸ್ಸು ಮುಚ್ಚಿಕೊಳ್ಳುತ್ತದೆ, ಎದುರಿಗೆ ಬರೆದಿಟ್ಟ ಪಟ್ಟಿಯನ್ನು ಮಾತ್ರ ಅವರೂ ಕುಳಿತು ಓದುತ್ತಾರೆ. ನೋಟ್‌ಬುಕ್ ಇಟ್ಟಿದ್ದ ಆ ಯಜಮಾನರ ಮುಂದೆಯೂ ನನ್ನ ಹಾಳೆಯನ್ನು ಇಟ್ಟೆ. ಅವರು ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು, ಒಂದೆರಡು ಕಡೆ ತಲೆಯಾಡಿಸಿದರು, ಆಮೇಲೆ ಪೆನ್ನು ತೆಗೆದು ಕೊನೆಯಲ್ಲಿ ತಾವೇ ಒಂದು ಸಾಲು ಸೇರಿಸಿದರು: ಹಿಂದಿನ ಎಡ ಚಕ್ರದ ಬೇರಿಂಗ್. ನಾನು ಊರೊಳಗಿನ ರಸ್ತೆಯಲ್ಲಷ್ಟೇ ಓಡಿಸಿದ್ದೆ. "90 ದಾಟಿದ ಮೇಲೆ ಕೇಳುತ್ತದೆ, ಬನ್ನಿ" ಎಂದು ಕರೆದೊಯ್ದರು. ತೆರೆದ ರಸ್ತೆಯಲ್ಲಿ 90 ದಾಟಿದಾಗ ಹಿಂದಿನ ಎಡಗಡೆಯಿಂದ ಸಣ್ಣಗೆ ಗುಂಯ್ ಎನ್ನುವ ಸದ್ದು ಬಂದಿತು. ಬೇರಿಂಗಿನ ಮೊತ್ತವನ್ನು ಹಾಳೆಯಲ್ಲಿ ಬರೆದುಕೊಂಡು ಹಿಂದಿರುಗಿದೆವು. ಕೊಳ್ಳಲು ಬಂದಿದ್ದವರು ಅಷ್ಟನ್ನು ಮಾತ್ರ ಕಳೆದು, ಉಳಿದದ್ದನ್ನು ಅವರು ಕೇಳಿದಷ್ಟೇ ಕೊಟ್ಟರು.